ವೆಸ್ಟ್ ಇಂಡೀಸ್ ಕಥೆ ಮುಗಿಯಿತಾ?

ಪ್ರಶ್ನೆ: ನಮ್ಮ ತಂದೆ ಈಗಲೂ ರಿಚರ್ಡ್ಸ್, ಮಾರ್ಷಲ್, ಹೋಲ್ಡಿಂಗ್ ಅಂತ ಕಥೆ ಹೇಳುತ್ತಾರೆ. ನಾನು ನೋಡಿದ ವೆಸ್ಟ್ ಇಂಡೀಸ್ ಮಾತ್ರ 27 ರನ್‌ಗೆ ಆಲೌಟ್ ಆಗುವ ತಂಡ. ಇವರು ಮತ್ತೆ ಮೇಲೆ ಬರುತ್ತಾರಾ?

ಉತ್ತರ: ಬರುತ್ತಾರೆ, ಆದರೆ ನಿಮ್ಮ ತಂದೆ ನೋಡಿದಷ್ಟು ಎತ್ತರಕ್ಕೆ ಬರುವುದು ಕಷ್ಟ. 1980ರಿಂದ 1995ರವರೆಗೆ ಆ ತಂಡ ಒಂದೇ ಒಂದು ಟೆಸ್ಟ್ ಸರಣಿ ಸೋಲಲಿಲ್ಲ. ಹದಿನೈದು ವರ್ಷ! ಅಂಥದ್ದು ಯಾವ ದೇಶಕ್ಕೂ ದಿನಾ ಸಿಗುವುದಿಲ್ಲ. ಈಗ ಕೇಳಬೇಕಾದ್ದು ಇಷ್ಟೇ: ಇವರು ಟೆಸ್ಟ್‌ನಲ್ಲಿ ಎದುರಾಳಿಗೆ ಸಮನಾಗಿ ನಿಲ್ಲುವ ತಂಡವಾಗಿ ಉಳಿಯುತ್ತಾರಾ? ಉಳಿಯಬಹುದು ಅಂತಲೇ ನನ್ನ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ 27ರ ಕಥೆಯನ್ನೇ ನೋಡೋಣ. 2025ರ ಜುಲೈ, ಜಮೈಕಾದ ಸಬೀನಾ ಪಾರ್ಕ್. ಎದುರಾಳಿ ಆಸ್ಟ್ರೇಲಿಯಾ, ಅವರ ವೇಗಿ ಮಿಚೆಲ್ ಸ್ಟಾರ್ಕ್‌ಗೆ ಅದು ನೂರನೇ ಟೆಸ್ಟ್. ಸ್ಟಾರ್ಕ್ ಮೊದಲ ಓವರ್ ಮುಗಿದಾಗ ವೆಸ್ಟ್ ಇಂಡೀಸ್ ಸ್ಕೋರು ಸೊನ್ನೆಗೆ ಮೂರು ವಿಕೆಟ್. ಏಳು ಜನ ಸೊನ್ನೆಗೆ ಔಟಾದರು. ಎರಡಂಕಿ ಮುಟ್ಟಿದ್ದು ಜಸ್ಟಿನ್ ಗ್ರೀವ್ಸ್ ಒಬ್ಬರೇ, ಅದೂ 11 ರನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. 1955ರಲ್ಲಿ ನ್ಯೂಜಿಲೆಂಡ್ 26 ರನ್‌ಗೆ ಆಲೌಟಾಗಿ ಮಾಡಿದ, ಟೆಸ್ಟ್‌ನ ಅತಿ ಕಡಿಮೆ ಮೊತ್ತದ ದಾಖಲೆಯಿಂದ ಇವರು ಪಾರಾಗಿದ್ದು ಒಂದೇ ಒಂದು ರನ್‌ನಿಂದ.

ಎಲ್ಲರೂ ಇಷ್ಟು ನೋಡಿ ಟಿವಿ ಆಫ್ ಮಾಡಿದರು. ಆದರೆ ಅದೇ ಪಂದ್ಯದ ಇನ್ನೊಂದು ಪುಟ ನೋಡಿ. ಆಸ್ಟ್ರೇಲಿಯಾ ಆ ಟೆಸ್ಟ್‌ನಲ್ಲಿ ಮಾಡಿದ್ದು 225 ಮತ್ತು 121. ಮೂರು ಟೆಸ್ಟ್‌ಗಳ ಆ ಸರಣಿಯಲ್ಲಿ ಆರೂ ಇನಿಂಗ್ಸ್‌ನಲ್ಲಿ ವೆಸ್ಟ್ ಇಂಡೀಸ್ ಬೌಲರ್‌ಗಳು ಆಸ್ಟ್ರೇಲಿಯಾವನ್ನು ಆಲೌಟ್ ಮಾಡಿದರು. ಜೇಡನ್ ಸೀಲ್ಸ್, ಅಲ್ಜಾರಿ ಜೋಸೆಫ್, ಶಮಾರ್ ಜೋಸೆಫ್ ಇರುವ ದಾಳಿ ಯಾವ ದೇಶಕ್ಕೆ ಬೇಡ ಹೇಳಿ? ಆದರೆ ಇತ್ತ ಬ್ಯಾಟಿಂಗ್‌ನಲ್ಲಿ ಆರು ಇನಿಂಗ್ಸ್‌ನಲ್ಲಿ ಇನ್ನೂರು ದಾಟಿದ್ದು ಒಂದೇ ಸಲ.

ಅಂದರೆ ಕಾಯಿಲೆ ಇರುವುದು ಬ್ಯಾಟಿಂಗ್‌ನಲ್ಲಿ. ಇಡೀ ತಂಡಕ್ಕೇ ಹಬ್ಬಿದೆ ಅನ್ನುವುದು ತಪ್ಪು.

'ಅಲ್ಲಿನ ಹುಡುಗರೆಲ್ಲ ಬ್ಯಾಸ್ಕೆಟ್‌ಬಾಲ್ ಕಡೆ ಹೋದರು, ಅದಕ್ಕೇ ಹೀಗಾಯಿತು' ಅನ್ನುವ ಮಾತನ್ನು ನೀವೂ ಕೇಳಿರಬಹುದು. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಶಮಾರ್ ಜೋಸೆಫ್ ಬಂದಿದ್ದು ಗಯಾನಾದ ಬಾರಾಕಾರಾ ಅನ್ನುವ ಹಳ್ಳಿಯಿಂದ. ಅಲ್ಲಿಗೆ ದೋಣಿಯಲ್ಲಿ ಹೋಗಬೇಕು. ಹೊಟ್ಟೆಪಾಡಿಗೆ ಸೆಕ್ಯುರಿಟಿ ಗಾರ್ಡ್ ಕೆಲಸ ಮಾಡುತ್ತಿದ್ದ ಹುಡುಗ. 2024ರ ಜನವರಿಯಲ್ಲಿ ಬ್ರಿಸ್ಬೇನ್‌ನ ಗಾಬಾದಲ್ಲಿ ಸ್ಟಾರ್ಕ್ ಯಾರ್ಕರ್ ಬಿದ್ದು ಕಾಲ್ಬೆರಳು ಊದಿಕೊಂಡಿತ್ತು. ಮಾರನೇ ದಿನ ಅದೇ ಕಾಲಿನಲ್ಲಿ ಓಡಿ ಬಂದು 68 ರನ್‌ಗೆ 7 ವಿಕೆಟ್ ತೆಗೆದರು. ಗೆಲುವಿನ ಅಂತರ 8 ರನ್. ಆಸ್ಟ್ರೇಲಿಯಾ ನೆಲದಲ್ಲಿ ವೆಸ್ಟ್ ಇಂಡೀಸ್ 1997ರ ನಂತರ ಗೆದ್ದ ಮೊದಲ ಟೆಸ್ಟ್ ಅದು. ಅವತ್ತು ಕಾಮೆಂಟರಿ ಬಾಕ್ಸ್‌ನಲ್ಲಿದ್ದ ಬ್ರಯಾನ್ ಲಾರಾ ಕಣ್ಣಲ್ಲಿ ನೀರಿತ್ತು. ಹುಡುಗರು ಈಗಲೂ ಬರುತ್ತಿದ್ದಾರೆ.

ಹಾಗಾದರೆ ಬ್ಯಾಟರ್‌ಗಳು ಎಲ್ಲಿ? ಇದಕ್ಕೆ ಉತ್ತರ ಬೇಕಾದರೆ ಬೆಂಗಳೂರಿನಿಂದ ಶುರು ಮಾಡಬೇಕು. 1974ರ ನವೆಂಬರ್, ಚಿನ್ನಸ್ವಾಮಿ ಕ್ರೀಡಾಂಗಣದ ಮೊಟ್ಟಮೊದಲ ಟೆಸ್ಟ್. ವಿವಿಯನ್ ರಿಚರ್ಡ್ಸ್ ಅವರಿಗೂ ಅದೇ ಮೊದಲ ಟೆಸ್ಟ್. ಎರಡು ಇನಿಂಗ್ಸ್‌ನಲ್ಲಿ ಅವರು ಮಾಡಿದ್ದು 4 ಮತ್ತು 3. ಎರಡು ಸಲವೂ ಔಟ್ ಮಾಡಿದ್ದು ನಮ್ಮ ಚಂದ್ರಶೇಖರ್. ಆದರೂ ಅವರನ್ನು ಕೈಬಿಡಲಿಲ್ಲ. ಮುಂದಿನ ದೆಹಲಿ ಟೆಸ್ಟ್‌ನಲ್ಲಿ ಔಟಾಗದೆ 192 ಹೊಡೆದರು. ಕ್ಲೈವ್ ಲಾಯ್ಡ್ ನಾಯಕರಾಗಿದ್ದೂ ಆ ಬೆಂಗಳೂರು ಟೆಸ್ಟ್‌ನಿಂದಲೇ. ಅವರಿಗೂ ದಾರಿ ಸಲೀಸಾಗಿರಲಿಲ್ಲ. 1975-76ರಲ್ಲಿ ಆಸ್ಟ್ರೇಲಿಯಾದಲ್ಲಿ 5-1ರಿಂದ ಸೋತರು. ಅದಾದ ಕೆಲವೇ ತಿಂಗಳಿಗೆ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403 ರನ್ ಗುರಿ ಬೆನ್ನಟ್ಟಿ ಗೆದ್ದಿತು. ಗಾವಸ್ಕರ್ 102, ನಮ್ಮ ವಿಶ್ವನಾಥ್ 112. ಆ ಏಟು ತಿಂದ ಮೇಲೇ ಲಾಯ್ಡ್ ಸ್ಪಿನ್ನರ್‌ಗಳನ್ನು ಬಿಟ್ಟು ವೇಗಿಗಳ ಪಡೆ ಕಟ್ಟಿದ್ದು. ಆ ಮಹಾ ತಂಡ ಆಕಾಶದಿಂದ ಬೀಳಲಿಲ್ಲ, ಸೋತು ಸೋತು ಕಲಿತದ್ದು.

ಕಲಿತದ್ದು ಎಲ್ಲಿ? ಇಂಗ್ಲೆಂಡಿನ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ದೇಶಿ ತಂಡಗಳಲ್ಲಿ. ರಿಚರ್ಡ್ಸ್ ಸಾಮರ್ಸೆಟ್‌ಗೆ, ಗ್ರೀನಿಜ್ ಹ್ಯಾಂಪ್‌ಶೈರ್‌ಗೆ, ಲಾಯ್ಡ್ ಲ್ಯಾಂಕಷೈರ್‌ಗೆ ವರ್ಷವರ್ಷ ಆಡಿದರು. ಬೇಸಿಗೆಯಿಡೀ ದಿನಾ ಕ್ರಿಕೆಟ್. ಚೆಂಡು ಸ್ವಿಂಗ್ ಆಗುವ ಪಿಚ್, ಬೆಳಗಿನ ಚಳಿ, ಕೈಗೆ ಸಂಬಳ. ಮನೆಯಲ್ಲಿ ದುಡ್ಡಿಲ್ಲದ ವೆಸ್ಟ್ ಇಂಡೀಸ್ ಕ್ರಿಕೆಟ್ ಮಂಡಳಿಗೆ ಬೇರೆಯವರ ಶಾಲೆ ಪುಕ್ಕಟೆಯಾಗಿ ಸಿಕ್ಕಿತ್ತು. ಇವತ್ತಿನ ಹುಡುಗರೂ ಹೊರದೇಶಕ್ಕೆ ಹೋಗುತ್ತಾರೆ. ಆದರೆ ಹೋಗುವುದು ಟಿ20 ಲೀಗ್‌ಗಳಿಗೆ. ಅಲ್ಲಿ ಹದಿನಾಲ್ಕು ಚೆಂಡಿನಲ್ಲಿ 53 ಹೊಡೆಯುವುದನ್ನು ಕಲಿಯಬಹುದು. 2025ರಲ್ಲಿ ಆರ್‌ಸಿಬಿಗಾಗಿ ರೊಮಾರಿಯೊ ಶೆಫರ್ಡ್ ಚಿನ್ನಸ್ವಾಮಿಯಲ್ಲಿ ಹೊಡೆದದ್ದನ್ನು ನಾವೆಲ್ಲ ಎದ್ದುನಿಂತು ನೋಡಿದ್ದೇವೆ, ಅಲ್ವಾ? ಆದರೆ ಹೊಸ ಚೆಂಡನ್ನು ಒಂದೂವರೆ ಗಂಟೆ ಸುಮ್ನೆ ಬಿಟ್ಟು ಬಿಟ್ಟು ಆಡುವುದನ್ನು ಅಲ್ಲಿ ಯಾರೂ ಕಲಿಸುವುದಿಲ್ಲ. ಊರಲ್ಲಿ ಕಲಿಯೋಣ ಅಂದರೆ ದೇಶಿ ನಾಲ್ಕು ದಿನದ ಪಂದ್ಯಗಳು ಬೆರಳೆಣಿಕೆಯಷ್ಟು.

ಇದರ ಹಿಂದೆ ಇರುವುದು ದುಡ್ಡು. ವೆಸ್ಟ್ ಇಂಡೀಸ್ ಒಂದು ದೇಶ ಅಲ್ಲ, ಹಲವು ಪುಟ್ಟ ದೇಶಗಳು ಸೇರಿ ಕಟ್ಟಿಕೊಂಡ ತಂಡ. ಎಲ್ಲಾ ಸೇರಿಸಿದರೂ ನಮ್ಮ ಬೆಂಗಳೂರಿನಷ್ಟು ಜನ ಇಲ್ಲ. ಆದರೆ ಜಮೈಕಾದಿಂದ ಗಯಾನಾಕ್ಕೆ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ, ನಡುವೆ ಸಮುದ್ರ. ಒಂದು ದೇಶಿ ಪಂದ್ಯ ಆಡಿಸಬೇಕಾದರೂ ವಿಮಾನ ಟಿಕೆಟ್, ಹೋಟೆಲ್ ಖರ್ಚು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ದೇಶಗಳಿಗೆ ಹಂಚುವ ಆದಾಯದಲ್ಲಿ, 2024ರಿಂದ 2027ರವರೆಗೆ ಭಾರತಕ್ಕೆ ಶೇ 38.5ರಷ್ಟು ಹೋದರೆ, ವೆಸ್ಟ್ ಇಂಡೀಸ್‌ಗೆ ಶೇ 5ಕ್ಕಿಂತ ಕಡಿಮೆ. ಬೇರೆ ದೇಶಕ್ಕೆ ಹೋಗಿ ಆಡಿದರೆ ಅಲ್ಲಿನ ಟಿವಿ ಹಣವೆಲ್ಲ ಆತಿಥೇಯರಿಗೇ. ಭಾರತವೋ ಇಂಗ್ಲೆಂಡೋ ಕೆರಿಬಿಯನ್‌ಗೆ ಬಂದ ವರ್ಷ ಮಾತ್ರ ಇವರ ಪೆಟ್ಟಿಗೆಗೆ ನಾಲ್ಕು ಕಾಸು ಬೀಳುತ್ತದೆ.

ಹಾಗಾಗಿ 2025ರಲ್ಲಿ ನಿಕೋಲಸ್ ಪೂರನ್ 29ನೇ ವಯಸ್ಸಿಗೇ ಅಂತರರಾಷ್ಟ್ರೀಯ ಕ್ರಿಕೆಟ್ ಬಿಟ್ಟಾಗ ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಮಂಡಳಿಯದ್ದೂ ತಪ್ಪಿದೆ. 2014ರಲ್ಲಿ ಸಂಬಳದ ಜಗಳ ಬಗೆಹರಿಯದೆ ಆಟಗಾರರು ಭಾರತ ಪ್ರವಾಸವನ್ನೇ ಅರ್ಧಕ್ಕೆ ಬಿಟ್ಟು ಹೋದರು. ಅಲ್ಲಿ ಒಡೆದ ನಂಬಿಕೆ ಕೂಡಲು ವರ್ಷಗಳೇ ಹಿಡಿದವು. ಅವಮಾನಗಳೂ ಸಾಲುಸಾಲಾಗಿ ಬಂದವು. ಮೊದಲ ಎರಡು ವಿಶ್ವಕಪ್ ಗೆದ್ದವರು 2023ರಲ್ಲಿ ಸ್ಕಾಟ್ಲೆಂಡ್ ಎದುರು ಸೋತು ಏಕದಿನ ವಿಶ್ವಕಪ್‌ಗೇ ಬರಲಾಗಲಿಲ್ಲ. 2025ರಲ್ಲಿ ಶಾರ್ಜಾದಲ್ಲಿ ನೇಪಾಳದ ಎದುರು ಟಿ20 ಸರಣಿ ಸೋತರು.

ಇಷ್ಟಾದರೂ ನಾನು ನಂಬಿಕೆ ಬಿಡದಿರುವುದು ಯಾಕೆ? ಅದೇ 2025ರಲ್ಲಿ ಇವರು ಮುಲ್ತಾನ್‌ನಲ್ಲಿ ಟೆಸ್ಟ್ ಗೆದ್ದರು. ಪಾಕಿಸ್ತಾನದ ಎದುರು 1991ರ ನಂತರ ಮೊದಲ ಸಲ ಏಕದಿನ ಸರಣಿ ಗೆದ್ದರು. ಅಕ್ಟೋಬರ್‌ನಲ್ಲಿ ಅಹಮದಾಬಾದ್ ಟೆಸ್ಟ್ ಮೂರೇ ದಿನಕ್ಕೆ ಸೋತರೂ, ದೆಹಲಿಯಲ್ಲಿ ಫಾಲೋ ಆನ್ ಆಗಿ, ಅಂದರೆ ಮೊದಲ ಇನಿಂಗ್ಸ್‌ನಲ್ಲಿ ತುಂಬಾ ಹಿಂದೆ ಬಿದ್ದು ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾಗಿ ಬಂದ ಮೇಲೆ, ಜಾನ್ ಕ್ಯಾಂಪ್‌ಬೆಲ್, ಶಾಯ್ ಹೋಪ್ ಶತಕ ಹೊಡೆದು ಪಂದ್ಯವನ್ನು ಐದನೇ ದಿನಕ್ಕೆ ಎಳೆದರು.

ಆಮೇಲೆ ಡಿಸೆಂಬರ್‌ನಲ್ಲಿ ಕ್ರೈಸ್ಟ್‌ಚರ್ಚ್. ನ್ಯೂಜಿಲೆಂಡ್ ಕೊಟ್ಟ ಗುರಿ 531. ಸಬೀನಾ ಪಾರ್ಕ್‌ನಲ್ಲಿ 11 ರನ್ ಮಾಡಿದ್ದರಲ್ಲ, ಅದೇ ಜಸ್ಟಿನ್ ಗ್ರೀವ್ಸ್ ಇಲ್ಲಿ ಔಟಾಗದೆ 202. ಆ 27ರ ದಿನ ಇಡೀ ತಂಡ ಎದುರಿಸಿದ್ದು 87 ಚೆಂಡು. ಇಲ್ಲಿ ಗ್ರೀವ್ಸ್ ಒಬ್ಬರೇ ಎದುರಿಸಿದ್ದು 388. ಆರು ವಿಕೆಟ್‌ಗೆ 457 ರನ್, ಪಂದ್ಯ ಡ್ರಾ. ಸರಣಿಯನ್ನು ಆಮೇಲೆ 2-0ರಿಂದ ಸೋತರು ನಿಜ. ಆದರೆ ದಿನವಿಡೀ ಆಡಬಲ್ಲ ಬ್ಯಾಟರ್ ಅಲ್ಲಿ ಹುಟ್ಟುವುದೇ ಇಲ್ಲ ಅನ್ನುವ ಮಾತು ಅವತ್ತು ಸುಳ್ಳಾಯಿತು.

ಮುಂದೇನು ಅಂದರೆ, ಟಿ20ಯಲ್ಲಿ ಇವರ ಬಗ್ಗೆ ನನಗೆ ಚಿಂತೆಯಿಲ್ಲ. 2012, 2016ರಲ್ಲಿ ಟಿ20 ವಿಶ್ವಕಪ್ ಗೆದ್ದವರು, ಅಲ್ಲಿ ಯಾರನ್ನಾದರೂ ಹೊಡೆಯಬಲ್ಲರು. ಏಕದಿನದಲ್ಲಿ 2027ರ ಮಾರ್ಚ್ 31 ದೊಡ್ಡ ದಿನ. ಅವತ್ತಿನ ಶ್ರೇಯಾಂಕದಲ್ಲಿ ಆತಿಥೇಯರನ್ನು ಬಿಟ್ಟು ಮೊದಲ ಎಂಟರೊಳಗೆ ಇದ್ದರೆ ನೇರ ವಿಶ್ವಕಪ್, ಇಲ್ಲದಿದ್ದರೆ ಮತ್ತೆ ಅರ್ಹತಾ ಟೂರ್ನಿ. ಟೆಸ್ಟ್‌ನಲ್ಲಿ ಎಲ್ಲವೂ ನಿಂತಿರುವುದು ಇಪ್ಪತ್ತರ ಹರೆಯದ ಒಬ್ಬ ಬ್ಯಾಟರ್‌ಗೆ ನಾಲ್ಕು ದಿನದ ಕ್ರಿಕೆಟ್ ಆಡಿಯೇ ಮನೆ ನಡೆಸಬಹುದು ಅನ್ನುವಷ್ಟು ಸಂಬಳ, ಅಷ್ಟು ಪಂದ್ಯ, ಒಳ್ಳೆಯ ಪಿಚ್ ಸಿಗುತ್ತಾ ಅನ್ನುವುದರ ಮೇಲೆ. ಇದನ್ನು ಮಂಡಳಿ ಒಂದೇ ಮಾಡಲಾರದು. ದೊಡ್ಡ ದೇಶಗಳು, ಅದರಲ್ಲೂ ಭಾರತ, ಐಸಿಸಿ ಹಂಚಿಕೆಯಲ್ಲಿ ಸ್ವಲ್ಪ ಬಿಟ್ಟುಕೊಡಬೇಕು. ಆಡಲು ಎದುರಾಳಿಗಳೇ ಉಳಿಯದಿದ್ದರೆ ನಾವು ಯಾರ ಜೊತೆ ಟೆಸ್ಟ್ ಆಡುವುದು?

ಅಂದಹಾಗೆ, ಕ್ರೈಸ್ಟ್‌ಚರ್ಚ್‌ನ ಕೊನೆಯ ದಿನದ ಆಟದ ವಿಡಿಯೊ ಸಿಕ್ಕರೆ ನಿಮ್ಮ ತಂದೆಯವರ ಪಕ್ಕ ಕೂತು ನೋಡಿ. ಗ್ರೀವ್ಸ್ ಜೊತೆ ಇನ್ನೊಂದು ತುದಿಯಲ್ಲಿ ನಿಂತಿದ್ದು 37 ವರ್ಷದ ವೇಗಿ ಕೆಮರ್ ರೋಚ್. 233 ಚೆಂಡು ತಡೆದು 58 ರನ್ ಮಾಡಿ ಔಟಾಗದೆ ಉಳಿದರು. ನಿಮ್ಮ ತಂದೆಗೆ ಖಂಡಿತ ಇಷ್ಟವಾಗುತ್ತದೆ.