ಶಾರ್ಕ್ ಬೆನ್ನಿನ ಬಿಲ್ಲೆ ಯಾರದ್ದು ಅಂತ ಹೇಳೋದು ಯಾಕಿಷ್ಟು ಗೋಜಲು?

ಶಾರ್ಕ್ ಪಳೆಯುಳಿಕೆ ಅಂದ್ರೆ ಎಲ್ರಿಗೂ ನೆನಪಾಗೋದು ಹಲ್ಲು. 1667ರಲ್ಲಿ ಡೆನ್ಮಾರ್ಕ್ ಮೂಲದ ವಿಜ್ಞಾನಿ ಸ್ಟೆನೋ "ನಾಲಿಗೆಕಲ್ಲು ಅಂತೀರಲ್ಲ, ಅದು ಶಾರ್ಕ್ ಹಲ್ಲು ಕಣ್ರಯ್ಯ" ಅನ್ನೋ ಥರ ವಾದ ಮಾಡಿದ, 19ನೇ ಶತಮಾನದಲ್ಲಿ ಪಳೆಯುಳಿಕೆ ಮೀನುಗಳ ತಜ್ಞ ಅಗಾಸಿ ಹಲ್ಲು ನೋಡ್ಕೊಂಡು ಸಾಲುಸಾಲು ಹೆಸರಿಟ್ಟ, ಅವತ್ತಿಂದ ಹಲ್ಲಿಂದೇ ದರ್ಬಾರು. ಶಾರ್ಕಿನ ಅಸ್ಥಿಪಂಜರ ಪೂರ್ತಿ ಕಾರ್ಟಿಲೇಜು (ನಮ್ಮ ಕಿವಿಯಲ್ಲಿರೋ ಥರದ ಮೃದು ಎಲುಬು), ಕೊಳೆತು ಹೋಗತ್ತೆ; ಕ್ಯಾಲ್ಸಿಯಂ ಕಟ್ಟಿದ ಬೆನ್ನಿನ ಬಿಲ್ಲೆಗಳು, ಅಂದ್ರೆ ಬೆನ್ನೆಲುಬಿನ ಒಂದೊಂದು ತುಂಡು, ಮಾತ್ರ ಅಲ್ಲೊಂದು ಇಲ್ಲೊಂದು ಉಳಿದು, ಹೆಸರಿಲ್ಲದೆ ಮ್ಯೂಸಿಯಂ ಡ್ರಾಯರ್ ಸೇರ್ತವೆ.

ಒಂದು ಬಿಲ್ಲೆ ಕೈಗೆ ತಗೊಂಡ್ರೆ ಗೊತ್ತಾಗತ್ತೆ. ಎರಡೂ ಮುಖ ಕುಳಿ, ಒಳಗೆ ಡಮರುಗದ ಹಾಗೆ ಎರಡು ಕೋನ್ ತುದಿಗೆ ತುದಿ ಸೇರಿರತ್ತೆ. ಮೂಳೆಮೀನಿಂದಾದ್ರೆ ಮುಳ್ಳು ಮುರಿದ್ರೂ ಅದರ ಬುಡ ಅಂಟ್ಕೊಂಡೇ ಇರತ್ತೆ, ಶಾರ್ಕಲ್ಲಿ ಅದಿಲ್ಲ, ಮೇಲೆರಡು ಕೆಳಗೆರಡು ಗುಂಡಿ ಅಷ್ಟೇ, ಕಾರ್ಟಿಲೇಜ್ ಕೂತಿದ್ದ ಜಾಗ. ಆಮೇಲೆ ಪಕ್ಕದ ಅಂಚು. ಪುಸ್ತಕದ ಹಾಳೆ ಥರ ತೆಳು ಪದರಗಳು ಸಾಲಾಗಿ ನಿಂತಿದ್ರೆ ಗ್ರೇಟ್ ವೈಟ್ ಶಾರ್ಕ್ ಇರೋ ಲ್ಯಾಮ್ನಿಫಾರ್ಮ್ ಬಳಗ, ಗುಂಡಿ ಬಿಟ್ಟು ಉಳಿದದ್ದೆಲ್ಲ ಗಟ್ಟಿಯಾಗಿ ತುಂಬಿದ್ರೆ ಟೈಗರ್ ಶಾರ್ಕ್ ಕಡೆಯವರು, ಕೊಯ್ದಾಗ ಉಂಗುರದೊಳಗೆ ಉಂಗುರ ಕಂಡ್ರೆ ಏಂಜೆಲ್ ಶಾರ್ಕ್ ಇರಬಹುದು. ಮೊಟ್ಟೆಯಾಕಾರ ಇದ್ರೆ ಅದು ಹುಟ್ಟಿನಿಂದಲೇ ಹಾಗಾ, ಮಣ್ಣಿನ ಭಾರಕ್ಕೆ ಅಮುಕಿ ಹಾಗಾಯ್ತಾ? ನಾಲ್ಕಾರು ಒಂದಕ್ಕೊಂದು ಬೆಸೆದಿದ್ರೆ ರೋಗಾನಾ, ಅಥವಾ ರೇ ಮೀನಿನ ಕತ್ತಿನ ಭಾಗಾನಾ? (ಇಕ್ತಿಯೋಸಾರ್ ಅನ್ನೋ ಅಳಿದುಹೋದ ಸಮುದ್ರ ಸರೀಸೃಪದ ಬಿಲ್ಲೆನೂ ಇದೇ ಥರ ಕುಳಿಕುಳಿ, ಅದು ಬೇರೆ ತಲೆನೋವು.)

ಈ ಒಳವಿನ್ಯಾಸ ಇಟ್ಕೊಂಡೇ ಇಡೀ ಶಾರ್ಕ್ ವಂಶವನ್ನ ವಿಂಗಡಿಸೋಕೆ 1879ರಿಂದ ಹಾಸೆ ಅನ್ನೋ ವಿಜ್ಞಾನಿ ಹೊರಟ, 1921ರಲ್ಲಿ ರೈಡ್‌ವುಡ್ ಅನ್ನೋ ಇನ್ನೊಬ್ಬ ವಿಜ್ಞಾನಿ ಅದು ಅಷ್ಟು ಸಲೀಸಲ್ಲ ಅಂದ. ಆಮೇಲೆ ದಶಕಗಟ್ಟಲೆ ಬಿಲ್ಲೆ ಕಡೆ ಗಮನ ಕಮ್ಮಿನೇ.

ಮತ್ತೆ ಗದ್ದಲ ಎದ್ದಿದ್ದು ಮೆಗಲೊಡಾನ್ ಅನ್ನೋ ಅಳಿದುಹೋದ ದೈತ್ಯ ಶಾರ್ಕಿನ ಉದ್ದದ ವಿಷಯಕ್ಕೆ. ಬೆಲ್ಜಿಯಂನಲ್ಲಿ ಒಂದೇ ಮೆಗಲೊಡಾನಿನ ಸುಮಾರು 140 ಬಿಲ್ಲೆಗಳ ಸಾಲಿದೆ, ಅದರಲ್ಲಿ ದೊಡ್ಡದು 15.5 ಸೆಂಟಿಮೀಟರ್ ಅಗಲ. ಗ್ರೇಟ್ ವೈಟ್ ಲೆಕ್ಕ ಹಿಡಿದು 1996ರಲ್ಲಿ ಆ ಪ್ರಾಣಿ 9.2 ಮೀಟರ್ ಅಂದ್ರು. ಆದ್ರೆ ಬಿಲ್ಲೆಗಳನ್ನ ಸುಮ್ನೆ ಒಂದರ ಪಕ್ಕ ಒಂದಿಟ್ಟು ಕೂಡಿದ್ರೇನೇ 11.1 ಮೀಟರ್ ಆಗತ್ತೆ, ಅಂದ್ರೆ ಶಾರ್ಕ್‌ಗಿಂತ ಅದರ ಬೆನ್ನೇ ಉದ್ದ! 2022ರಲ್ಲಿ ಅದೇ ಬಿಲ್ಲೆಗಳಿಂದ ಸುಮಾರು 16 ಮೀಟರ್ ಬಂತು. ಡೆನ್ಮಾರ್ಕಿನ 23 ಸೆಂಟಿಮೀಟರ್ ಬಿಲ್ಲೆ ಹಿಡಿದು 2025ರಲ್ಲಿ 24.3 ಮೀಟರ್‌ಗೂ ಏರಿಸಿದ್ರು. ಯಾರೂ ಸುಳ್ಳು ಹೇಳ್ತಿಲ್ಲ, ಹೋಲಿಕೆಗೆ ಯಾವ ಶಾರ್ಕ್ ತಗೊಂಡ್ರು ಅನ್ನೋದರ ಮೇಲೆ ಉತ್ತರ ಬದಲಾಗತ್ತೆ, ಆದ್ರೆ ಹೆಡ್‌ಲೈನಲ್ಲಿ ಆ ಷರತ್ತು ಬರಲ್ಲ. ಬಿಲ್ಲೆಯಲ್ಲಿರೋ ಬೆಳವಣಿಗೆಯ ಉಂಗುರ ಎಣಿಸಿ ವಯಸ್ಸು ಹೇಳೋ ಕಥೆನೂ ಹಾಗೇ: ಕೆಲವು ಜಾತಿಗಳಲ್ಲಿ ಒಂದೇ ಬೆನ್ನಲ್ಲಿ ಜಾಗ ಬದಲಾದ್ರೆ ಉಂಗುರದ ಎಣಿಕೆನೂ ಬದಲಾಗತ್ತೆ ಅಂತ 2018ರಲ್ಲಿ ತೋರಿಸಿದ್ದಾರೆ.

ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ಡಾರ್ವಿನ್ ಹತ್ರ ಸಿಕ್ಕ ಐದು ಬಿಲ್ಲೆಗಳ ಕೇಸು. 11.5 ಕೋಟಿ ವರ್ಷ ಹಳೇವು, 12 ಸೆಂಟಿಮೀಟರ್‌ಗೂ ಅಗಲ, ಎಷ್ಟೋ ವರ್ಷ ಮ್ಯೂಸಿಯಂನಲ್ಲಿದ್ದು 2025ರಲ್ಲಿ ಸುದ್ದಿಯಾದ್ವು. ಸುಮಾರು 8 ಮೀಟರ್‌ವರೆಗಿನ ದೈತ್ಯ, ಲ್ಯಾಮ್ನಿಫಾರ್ಮ್ ಬಳಗದ್ದೇ ಆದ, ಈಗ ಅಳಿದುಹೋಗಿರೋ ಕಾರ್ಡಬಿಯೊಡಾಂಟಿಡ್ ಕುಟುಂಬದ್ದು ಅಂದ್ರು. ಹೊಸ ಜಾತಿ ಅಂತ ಹೆಸರಿಡೋ ಆಸೆಗೆ ಬೀಳದೆ ಅಲ್ಲಿಗೇ ನಿಲ್ಲಿಸಿದ್ರು.