ತಲೆ ತಗ್ಗಿಸಿದ ನಾಯಿ ತಪ್ಪೊಪ್ಪಿಕೊಂಡಿದೆಯೇ?

“ತಪ್ಪು ಮಾಡಿದ್ದು ಇವನಿಗೆ ಚೆನ್ನಾಗಿ ಗೊತ್ತು ಡಾಕ್ಟ್ರೇ, ನಾನು ಬಾಗಿಲು ತೆಗೆದ ಕೂಡಲೇ ತಲೆ ತಗ್ಗಿಸಿ ಸೋಫಾ ಹಿಂದೆ ಸೇರಿಕೊಳ್ಳುತ್ತಾನೆ” ಎಂಬ ಮಾತು ಬೆಂಗಳೂರಿನ ಪಶುವೈದ್ಯರಿಗೆ ಹೊಸದಲ್ಲ. ಮನೆಯವರೆಲ್ಲ ಆಫೀಸಿಗೆ ಹೋದ ಮೇಲೆ ದಿನವಿಡೀ ಫ್ಲ್ಯಾಟಿನಲ್ಲಿ ಒಂಟಿಯಾಗಿದ್ದ ನಾಯಿ ಚಪ್ಪಲಿಯನ್ನೋ ದಿಂಬನ್ನೋ ಹರಿದಿರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಅದರ ಮುದುಡಿದ ಮೈಯನ್ನೇ ಸಾಕ್ಷಿಯೆಂದು ತಿಳಿದು ಎಲ್ಲರೂ ಗದರುತ್ತಾರೆ.

ನಾಯಿಗಳ ಮನಸ್ಸನ್ನು ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನೇ ಪರೀಕ್ಷಿಸಿತು. ತಿಂಡಿ ಮುಟ್ಟಬೇಡ ಎಂದು ಹೇಳಿ ಯಜಮಾನರು ಕೋಣೆಯಿಂದ ಹೊರಹೋಗುತ್ತಿದ್ದರು. ಮರಳಿದಾಗ, ನಾಯಿ ತಿನ್ನದಿದ್ದರೂ ತಿಂದಿದೆ ಎಂದು ಅವರಿಗೆ ಕೆಲವೊಮ್ಮೆ ಹೇಳಲಾಗುತ್ತಿತ್ತು. ಆ ತಪ್ಪಿತಸ್ಥ ಮುಖಕ್ಕೂ ನಾಯಿ ತಿಂದದ್ದಕ್ಕೂ ಸಂಬಂಧ ಕಾಣಲಿಲ್ಲ, ಸಂಬಂಧವಿದ್ದದ್ದು ಯಜಮಾನರ ಗದರಿಕೆಗೆ. ತಿನ್ನದೆಯೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ನಾಯಿ ಓದುತ್ತಿರುವುದು ನಮ್ಮ ದನಿಯನ್ನು, ಬಿಗಿದ ಭುಜವನ್ನು. ಬೆಳಿಗ್ಗೆ ಹರಿದ ಚಪ್ಪಲಿಗೂ ಸಂಜೆಯ ಸಿಟ್ಟಿಗೂ ಅದು ನಂಟು ಹಾಕಲಾರದು.

ಹಾಗೆಂದು ನಮ್ಮ ಮನಸ್ಸಿನ ಸುಳಿವೇ ಅದಕ್ಕೆ ಸಿಗದು ಎಂದಲ್ಲ. ಮುಚ್ಚಿಟ್ಟ ಎರಡು ಬಟ್ಟಲುಗಳಲ್ಲಿ ಒಂದರತ್ತ ಬೆರಳು ತೋರಿಸಿದಾಗ, ಯಾವ ತರಬೇತಿಯೂ ಇಲ್ಲದ ನಮ್ಮ ದೇಶದ ಬೀದಿನಾಯಿಗಳ ಪೈಕಿ ಹತ್ತಿರ ಬಂದವುಗಳಲ್ಲಿ ಸುಮಾರು ಶೇ. 80ರಷ್ಟು ಆ ಸನ್ನೆಯನ್ನು ಅನುಸರಿಸಿದ್ದನ್ನು ಕೋಲ್ಕತ್ತದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ (ಐಸರ್) ತಂಡ 2020ರಲ್ಲಿ ವರದಿ ಮಾಡಿತು. ಬೇಡವೆಂದ ತಿಂಡಿಯನ್ನು, ಎದುರಿನವರು ಕಣ್ಣು ಮುಚ್ಚಿದಾಗ ಅಥವಾ ಬೆನ್ನು ತಿರುಗಿಸಿದಾಗ ನಾಯಿಗಳು ಹೆಚ್ಚು ಧೈರ್ಯದಿಂದ ಕದಿಯುತ್ತವೆ ಎಂಬುದೂ ತಿಳಿದಿದೆ. ಆದರೆ ಇನ್ನೊಬ್ಬರ ಗಮನ ಎತ್ತ ಇದೆ ಎಂದು ಗುರುತಿಸುವುದು ಬೇರೆ, ಅವರು ಏನು ನಂಬಿದ್ದಾರೆ ಎಂದು ಊಹಿಸುವುದು ಬೇರೆ. ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ಪ್ರಾಣಿ ಊಹಿಸಬಲ್ಲದೇ ಎಂದು ಮನೋವಿಜ್ಞಾನಿಗಳಾದ ಪ್ರಿಮ್ಯಾಕ್ ಮತ್ತು ವುಡ್‌ರಫ್ 1978ರಲ್ಲಿ ಚಿಂಪಾಂಜಿಗಳನ್ನು ಕುರಿತು ಎತ್ತಿದ ಪ್ರಶ್ನೆಯ ಚರ್ಚೆ ಇನ್ನೂ ಮುಗಿದಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ನಾಯಿಯ ಮೈಭಾಷೆಯನ್ನು ಓದುವುದರಲ್ಲಿ ನಮಗಿರುವ ಬಡತನ. ಪಶುವೈದ್ಯರ ಪರೀಕ್ಷೆಯ ಮೇಜಿನ ಮೇಲೆ ಪುಟ್ಟ ಮಗು ಪ್ರೀತಿಯಿಂದ ಕುತ್ತಿಗೆ ತಬ್ಬಿಕೊಂಡಾಗ ನಾಯಿ ಮೊದಲು ಮೂಗು ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದೆಯೂ ಆಕಳಿಸುತ್ತದೆ, ಮುಖವನ್ನು ಆಚೆ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಮರಗಟ್ಟಿದಂತೆ ಬಿಗಿಯುತ್ತದೆ. ಇಷ್ಟೆಲ್ಲ ಆಗುವಾಗ ತಾಯಿತಂದೆ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿರುತ್ತಾರೆ. ಇವು ಯಾವುವೂ ಫಲಿಸದಿದ್ದಾಗ ಅದು ಗುರ್ ಎನ್ನುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯುವುದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ, ಏಕೆಂದರೆ ಏಟಿನಿಂದ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ನಿಂತುಹೋಗುತ್ತದೆ, ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚಬಹುದು. ಗುರುಗುಟ್ಟಿದ ಕೂಡಲೇ ಮಗುವನ್ನು ಮೆಲ್ಲನೆ ದೂರ ಕರೆದು, ನಾಯಿಗೆ ಜಾಗ ಬಿಡಿ. ಹಿಂದೆಂದೂ ಹಾಗೆ ಮಾಡದ ನಾಯಿಯಾದರೆ ಕಿವಿ, ಹಲ್ಲು, ಕೀಲುಗಳಲ್ಲಿ ನೋವಿದೆಯೇ ಎಂದು ಮೊದಲು ತೋರಿಸಿ.