ಕೊನೆಯ ಕಾಲಂನಿಂದ ಶುರು ಮಾಡಿ

2024ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿದಾಗ ಅಮೆರಿಕ, ಚೀನಾ ಎರಡಕ್ಕೂ ತಲಾ 40 ಚಿನ್ನ. ಆಗ ಬೆಳ್ಳಿ ಲೆಕ್ಕಕ್ಕೆ ಬಂತು. ಅಮೆರಿಕದ್ದು 44, ಚೀನಾದ್ದು 27. ಅಮೆರಿಕ ಮೇಲೆ ಹೋಯಿತು. ಅದೇ ಪಟ್ಟಿಯಲ್ಲಿ ಒಂದೇ ಒಂದು ಚಿನ್ನ ಗೆದ್ದ ಪಾಕಿಸ್ತಾನ, ಒಂದು ಬೆಳ್ಳಿ ಮತ್ತು ಐದು ಕಂಚು ಗೆದ್ದ ಭಾರತಕ್ಕಿಂತ ಮೇಲಿತ್ತು. ನಮಗೆ ಬೇಜಾರಾದರೂ ನಿಯಮ ಹಾಗಿದೆ: ಚಿನ್ನ ಸಮ ಇದ್ದರೆ ಮಾತ್ರ ಬೆಳ್ಳಿ, ಅದೂ ಸಮ ಇದ್ದರೆ ಕಂಚು.

ಈ ಪಟ್ಟಿಯನ್ನು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಹಾಕಿ ಜೋಡಿಸೋಣ. ದೇಶಕ್ಕೊಂದು ಸಾಲು, ಸಾಲಿನಲ್ಲಿ ಹೆಸರು, ಚಿನ್ನ, ಬೆಳ್ಳಿ, ಕಂಚು. ಸುಮ್ನೆ ಸಾರ್ಟ್ ಮಾಡು ಅಂದರೆ ಮೊದಲ ಕಾಲಂ ಹಿಡಿದು, ಹೆಸರಿನ ಪ್ರಕಾರ ಜೋಡಿಸಿಬಿಡುತ್ತದೆ. ಅದಕ್ಕೇ 'ಕೀ' ಅಂತ ಒಂದು ಸಣ್ಣ ಫಂಕ್ಷನ್ ಕೊಡಬೇಕು. ಅದು ಪ್ರತಿ ಸಾಲಿನಿಂದ ಮೂರು ಪದಕಗಳ ಸಂಖ್ಯೆಯನ್ನು ಕ್ರಮವಾಗಿ ತೆಗೆದು ಟಪಲ್, ಅಂದರೆ ಕ್ರಮ ಬದಲಾಗದ ಒಂದು ಗುಂಪು, ಮಾಡುತ್ತದೆ. ಪೈಥಾನ್ ಎರಡು ಟಪಲ್‌ಗಳನ್ನು ಎಡದಿಂದ ಹೋಲಿಸುತ್ತಾ ಹೋಗಿ, ವ್ಯತ್ಯಾಸ ಸಿಕ್ಕ ಜಾಗದಲ್ಲೇ ನಿಲ್ಲುತ್ತದೆ. ಅಮೆರಿಕ, ಚೀನಾ ಹೋಲಿಕೆ ಕಂಚಿನ ತನಕ ಹೋಗುವುದೇ ಇಲ್ಲ. ಸಾರ್ಟ್ ಚಿಕ್ಕದನ್ನು ಮೊದಲು ಇಡುತ್ತದೆ, ನಮಗೆ ಜಾಸ್ತಿ ಪದಕ ಮೇಲೆ ಬರಬೇಕಲ್ವಾ? ಸಂಖ್ಯೆಗಳಿಗೆ ಮೈನಸ್ ಹಾಕಿದರಾಯ್ತು. ಫೈಲ್‌ನಿಂದ ಓದಿದ ಅಂಕಿಗಳು ಅಕ್ಷರಗಳಾಗಿಯೇ ಉಳಿದಿದ್ದರೆ ಮೊದಲು ಸಂಖ್ಯೆ ಮಾಡಿಕೊಳ್ಳಿ. ಅಕ್ಷರದ ಲೆಕ್ಕದಲ್ಲಿ 40ಕ್ಕಿಂತ 9 ದೊಡ್ಡದು.

ನನಗೆ ಇದಕ್ಕಿಂತ ಇಷ್ಟ ಇನ್ನೊಂದು ದಾರಿ. ಒಂದು ಸಲಕ್ಕೆ ಒಂದೇ ಕಾಲಂ, ಅದೂ ಹಿಂದಿನಿಂದ! ಮೊದಲು ಕಂಚು, ಆಮೇಲೆ ಬೆಳ್ಳಿ, ಕೊನೆಗೆ ಚಿನ್ನ. ಚಿನ್ನದ ಸುತ್ತಿನಲ್ಲಿ ಅಮೆರಿಕ, ಚೀನಾ ಸಮ. ಸಮ ಇರುವ ಸಾಲುಗಳನ್ನು ಕದಲಿಸದೆ ಬಿಟ್ಟರೆ, ಬೆಳ್ಳಿಯ ಸುತ್ತಿನಲ್ಲಿ ಆದ ತೀರ್ಮಾನ ಹಾಗೇ ಉಳಿಯುತ್ತದೆ. ಈ ಗುಣ ಇರುವುದಕ್ಕೆ ಸ್ಟೇಬಲ್ ಸಾರ್ಟ್ ಅನ್ನುತ್ತಾರೆ. 2002ರಲ್ಲಿ ಟಿಮ್ ಪೀಟರ್ಸ್ ಪೈಥಾನ್‌ಗಾಗಿ ಬರೆದ ಟಿಮ್‌ಸಾರ್ಟ್ ಇಂಥದ್ದೇ.

ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಾಹಿತಿ ಇಡುತ್ತಿದ್ದ ಪಂಚ್ ಕಾರ್ಡ್ ಕಾಲದಲ್ಲೇ ಜನ ಇದನ್ನು ಕೈಯಾರೆ ಮಾಡುತ್ತಿದ್ದರು. ಐಬಿಎಂ ಕಾರ್ಡಿನಲ್ಲಿ 80 ಕಾಲಂ. ಸಾರ್ಟರ್ ಯಂತ್ರ ಒಂದು ಸುತ್ತಿಗೆ ಒಂದೇ ಕಾಲಂ ಓದಿ, ಕಾರ್ಡುಗಳನ್ನು ಬೇರೆ ಬೇರೆ ಗೂಡಿಗೆ ಬೀಳಿಸುತ್ತಿತ್ತು. ಮೂರಂಕಿಯ ಸಂಖ್ಯೆ ಜೋಡಿಸಬೇಕಾದರೆ ಬಿಡಿ ಸ್ಥಾನದಿಂದ ಶುರು, ಆಮೇಲೆ ಹತ್ತು, ಕೊನೆಗೆ ನೂರು. ಗೂಡುಗಳಿಂದ ಕಾರ್ಡು ತೆಗೆದು ಪೇರಿಸುವಾಗ ಕ್ರಮ ತಪ್ಪಿತೋ, ಹಿಂದಿನ ಸುತ್ತುಗಳೆಲ್ಲ ವ್ಯರ್ಥ.

ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಸಾರ್ಟ್ ಸ್ಟೇಬಲ್ ಅಂತ ನಂಬುವ ಹಾಗಿರಲಿಲ್ಲ. ಕ್ರೋಮ್ ಬ್ರೌಸರ್‌ನಲ್ಲಿ 2018ರ ತನಕ, 10ಕ್ಕಿಂತ ಜಾಸ್ತಿ ಸಾಲಿದ್ದರೆ, ವೆಬ್ ಪುಟಗಳಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯ ಸಾರ್ಟ್ ಸ್ಟೇಬಲ್ ಆಗಿರಲಿಲ್ಲ. ಹತ್ತು ದೇಶ ಹಾಕಿ ಪರೀಕ್ಷೆ ಮಾಡಿದರೆ ಎಲ್ಲ ಸರಿ. ಪೂರ್ತಿ ಪದಕಪಟ್ಟಿ ಕೊಟ್ಟರೆ ಸಮ ಇದ್ದವರು ಅದಲುಬದಲಾಗಬಹುದಿತ್ತು. ಸಾರ್ಟ್ ಸ್ಟೇಬಲ್ ಇರಲೇಬೇಕು ಅಂತ ಜಾವಾಸ್ಕ್ರಿಪ್ಟ್‌ನ ನಿಯಮಕ್ಕೆ ಸೇರಿದ್ದು 2019ರಲ್ಲಿ. ವೆಬ್ ಸರ್ವರ್‌ಗಳಲ್ಲಿ ಬಳಸುವ ಪಿಎಚ್‌ಪಿ ಭಾಷೆ ಆ ಭರವಸೆ ಕೊಟ್ಟಿದ್ದು 2020ರ 8.0 ಆವೃತ್ತಿಯಲ್ಲಿ. ನಿಮ್ಮ ಸರ್ವರ್‌ನಲ್ಲಿ ಇನ್ನೂ ಪಿಎಚ್‌ಪಿ 7 ಓಡುತ್ತಿದ್ದರೆ ಹಿಂದಿನಿಂದ ಜೋಡಿಸುವ ದಾರಿ ಬೇಡ. ಎಲ್ಲ ಕಾಲಂಗಳನ್ನೂ ಒಂದೇ ಹೋಲಿಕೆಯಲ್ಲಿ ಕೊಟ್ಟುಬಿಡಿ.